ಊರಮ್ಮನ ಗೋಡೆಯಾಚೆಯ ಬ್ಯಾಂಡು

ಬೇಗೂರಿನ ಹಳೇ ಬೀದಿಯಲ್ಲಿ ಊರಮ್ಮನ ಗುಡಿಗೂ ಆಂಜಿನಪ್ಪನವರ ರಾಗಿ ಕೊಠಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಗೋಡೆಯ ಆ ಕಡೆ ಅಮ್ಮ ಅರಿಶಿನ ಕುಂಕುಮ ಹಚ್ಚಿಕೊಂಡು ತಣ್ಣಗೆ ಕೂತಿದ್ದಳು. ಈ ಕಡೆ, ರಾಗಿ ಬೆಳೆಯುವ ಹೊಲಗಳೆಲ್ಲ ಸೈಟುಗಳಾಗಿ ಕೊಠಡಿ ಬರಿದಾದ ಮೇಲೆ, ನಾಲ್ಕು ಜನ ಹುಡುಗರು ಬಾಡಿಗೆಗೆ ಬಂದು, ಗಿಟಾರು ಡ್ರಮ್ಮು ಜೋಡಿಸಿಕೊಂಡು, ಭಾನುವಾರ ಭಾನುವಾರ ಗಂಟಲು ಹರಿಯುವಂತೆ ಕಿರುಚುತ್ತಿದ್ದರು. ಅಮ್ಮ ಒಂದು ದಿನಕ್ಕೂ ಬೇಸರ ಮಾಡಿಕೊಂಡವಳಲ್ಲ. ಬೇಸರವೆಲ್ಲ ಆಂಜಿನಪ್ಪನವರ ಮಗಳು ವೇಣಿಗೆ.

ಎರಡು ಸಾವಿರದ ಏಳನೆಯ ಇಸವಿಯ ಮಾತು. ವಾರವೆಲ್ಲ ಎಲೆಕ್ಟ್ರಾನಿಕ್ ಸಿಟಿಯ ಆಫೀಸಿನಲ್ಲಿ ದುಡಿದು ಬಂದವಳಿಗೆ ಭಾನುವಾರದ ಮಧ್ಯಾಹ್ನ ಒಂದು ಕೋಳಿನಿದ್ದೆಯಾದರೂ ಬೇಡವೇ? ಒಂದು ದಿನ ತಡೆಯಲಾರದೆ ಎದ್ದಳು, ಸೀದಾ ಹೋಗಿ ಕೊಠಡಿಯ ಬಾಗಿಲು ಬಡಿದಳು.

"ಏನ್ರೀ ಇದು? ನಿಮ್ಮ ಗಲಾಟೆಗೆ ನಮ್ಮನೇಲಿ ಹಾಲು ಹೆಪ್ಪುಗಟ್ತಿಲ್ಲ!"

ಬಾಗಿಲು ತೆಗೆದವನು ಕಪ್ಪು ಟೀ ಶರ್ಟಿನ ತೆಳ್ಳಗಿನ ಹುಡುಗ. ಬೆವರು ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಕಣ್ಣಿಗೆ ಇಳಿಯುತ್ತಿತ್ತು. ಅಷ್ಟು ಹೊತ್ತು ಹಾಗೆ ಅಬ್ಬರಿಸಿದವನು ಇವನೇ ಎಂದರೆ ನಂಬಲಾಗದಷ್ಟು ಮೆತ್ತಗೆ ಅವನು ಹೇಳಿದ: "ಸಾರಿ ಮೇಡಂ. ಹಾಡು ಮುಗೀತು."

"ಶುರುವಾಗಿದ್ದು ಯಾವಾಗ?"

"ನೀವು ಬಾಗ್ಲು ತಟ್ಟೋಕೆ ಸ್ವಲ್ಪ ಮುಂಚೆ. ನಮ್ದೆಲ್ಲ ಒಂದು ನಿಮಿಷದ ಹಾಡು."

"ಅಷ್ಟು ಕೋಪಕ್ಕೆ ಒಂದೇ ನಿಮಿಷ ಸಾಕಾ?"

ಹುಡುಗ ಅವಳನ್ನು ಮೊದಲ ಸಲ ನೆಟ್ಟಗೆ ನೋಡಿದ. "ಅದು ಕೋಪ ಅಂತ ನಿಮ್ಗೆ ಗೊತ್ತಾಯ್ತಾ? ಎಲ್ರೂ ಹುಚ್ಚು ಅಂತಾರೆ."

ಒಳಗಿನಿಂದ ಡ್ರಮ್ಮಿನ ಬಾಲಾಜಿ ಕೂಗಿದ: "ಮಗಾ, ಫಸ್ಟ್ ಫ್ಯಾನ್ ಕಣೋ! ಕೂರ್ಸೋ!"

"ಫ್ಯಾನೂ ಅಲ್ಲ ಗೀನೂ ಅಲ್ಲ, ಓನರ್ ಮಗಳು ನಾನು," ಎಂದು ವೇಣಿ ಗದರಿದಳು. ಗದರಿದರೂ ಹೊಸ್ತಿಲು ಬಿಟ್ಟು ಹೋಗಲಿಲ್ಲ. "ಅಲ್ಲಾ, ಇಂಗ್ಲಿಷಲ್ಲಿ ಯಾರ ಮೇಲೆ ಕಿರುಚ್ತೀರಾ? ಇಲ್ಲಿ ಕೇಳೋರು ನಮ್ಮಪ್ಪ, ಪೂಜಾರಿ ನಲ್ಲಪ್ಪನೋರು, ಆ ಎರಡು ಹಸು. ಕನ್ನಡದಲ್ಲಿ ಕಿರುಚಿ. ಬೈಸ್ಕೊಳ್ಳೋರಿಗೆ ಅರ್ಥನಾದ್ರೂ ಆಗ್ಲಿ."

ಹುಡುಗ ನಕ್ಕ. ನಕ್ಕಾಗ ಅವನ ಕೆಳದುಟಿ ಒಂದು ಪಕ್ಕಕ್ಕೆ ಸರಿಯುತ್ತಿತ್ತು. ವೇಣಿ ಅದನ್ನು ನೋಡಿದಳು, ನೋಡಿದ್ದು ಅವನಿಗೆ ತಿಳಿಯಿತೆಂದು ಹಸುಗಳ ಕಡೆ ತಿರುಗಿದಳು.

ಅವನ ಹೆಸರು ನರೇಶ್. ಅತ್ತಿಬೆಲೆಯವನು, ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಬ್ಯಾಂಡಿನ ಹೆಸರು 'ಕರೆಂಟ್ ಹೋಯ್ತು'. ಮುಂದಿನ ಭಾನುವಾರ ಗೋಡೆಯಾಚೆಯಿಂದ ಕನ್ನಡ ಕೇಳಿಸಿತು. ಕಾರ್ಖಾನೆಯ ಗೇಟಿನಲ್ಲಿ ಊಟದ ಡಬ್ಬಿ ಬಿಚ್ಚಿಸಿ ನೋಡುವವರ ಮೇಲೆ ಒಂದು ಹಾಡು. ಕೆರೆ ಮುಚ್ಚಿ ಲೇಔಟ್ ಮಾಡಿ, ಅದಕ್ಕೆ 'ಲೇಕ್ ವ್ಯೂ' ಎಂದು ಹೆಸರಿಟ್ಟವರ ಮೇಲೆ ಇನ್ನೊಂದು. ವೇಣಿಗೆ ನಗುವೂ ಬಂತು, ಮೈ ಜುಮ್ಮೆಂದಿತು ಕೂಡ.

ಪ್ರೀತಿ ಎನ್ನುವುದು ಬಾಗಿಲಿನಿಂದಲೇ ಬರಬೇಕೆಂದಿಲ್ಲ. ಅವಳಿಗೆ ಅದು ಗೋಡೆಯಿಂದ ಬಂತು. ಗುಡಿಯೊಳಗೆ ಅಮ್ಮನಿಗೆ ಪ್ರದಕ್ಷಿಣೆ ಹಾಕುವಾಗ ಹಿಂದಿನ ಗೋಡೆಯ ಬಳಿ ಬಂದರೆ ಅಂಗೈ ತಾನಾಗಿ ಕಲ್ಲಿಗೆ ಅಂಟಿಕೊಳ್ಳುತ್ತಿತ್ತು. ಆಚೆಯ ನಾದ ಕಲ್ಲಿನೊಳಗಿಂದ ನಡೆದು ಬಂದು ಅವಳ ಮೊಣಕೈವರೆಗೂ ಏರುತ್ತಿತ್ತು.

"ಯಾಕವ್ವಾ," ಎಂದು ಪೂಜಾರಿ ನಲ್ಲಪ್ಪ ಕಣ್ಣು ಕಿರಿದು ಮಾಡಿ ಕೇಳುತ್ತಿದ್ದ, "ಆ ಮೂಲೆಗೆ ಬಂದ್ರೆ ನಿನ್ ಕಾಲು ಕಟ್ಟಾಕ್ತದಾ?"

"ಅಮ್ಮನ ಬೆನ್ನು ಕಣಪ್ಪಾ, ಮುಟ್ಟಿ ನಮಸ್ಕಾರ ಮಾಡ್ತಿದ್ದೆ."

"ಮಾಡು ಮಾಡು. ಅಮ್ಮನ ಬೆನ್ನು ಈಚೀಚೆಗೆ ಬಾಳ ಬೆಚ್ಚಗೈತೆ."

ಭಾನುವಾರದ ಮಾತು ದಿನದಿನದ ಫೋನಾಗಿ ಬೆಳೆದ ಮೇಲೆ, ಅತ್ತಿಬೆಲೆಯ ಒಂದು ಕಲ್ಯಾಣಮಂಟಪದ ನೆಲಮಾಳಿಗೆಯಲ್ಲಿ ನಡೆದ ಅವರ ಷೋಗೆ ಅವಳು ಗೆಳತಿ ಪ್ರಿಯಾಂಕಾಳನ್ನು ಎಳೆದುಕೊಂಡು ಹೋದಳು. ಜೆರಾಕ್ಸ್ ಮಾಡಿದ ಪೋಸ್ಟರು, ಬಾಡಿಗೆ ಸ್ಪೀಕರು, ಪೀಣ್ಯದಿಂದ ಬಂದ ಇನ್ನೊಂದು ಬ್ಯಾಂಡು. ಹಾಡು ಶುರುವಾದದ್ದೇ ತಡ, ಹುಡುಗರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯತೊಡಗಿದರು. ಜಗಳವೇ ಬಿತ್ತೆಂದು ಪ್ರಿಯಾಂಕಾ ಚಪ್ಪಲಿ ಕೈಗೆ ತೆಗೆದುಕೊಂಡಳು. ಅಷ್ಟರಲ್ಲಿ ಒಬ್ಬ ಜಾರಿ ಬಿದ್ದ. ಬಿದ್ದವನು ನೆಲ ಮುಟ್ಟುವ ಮೊದಲೇ ನಾಲ್ಕಾರು ಕೈಗಳು ಅವನನ್ನು ಎತ್ತಿ ನಿಲ್ಲಿಸಿದವು, ಬೆನ್ನು ತಟ್ಟಿದವು, ಮತ್ತೆ ಡಿಕ್ಕಿ ಹೊಡೆದವು. ಮೈಮೇಲೆ ದೇವರು ಬಂದವರನ್ನು ಬೀಳದ ಹಾಗೆ ಊರವರು ಸುತ್ತ ನಿಂತು ಹಿಡಿಯುವುದನ್ನು ವೇಣಿ ಚಿಕ್ಕಂದಿನಿಂದ ನೋಡಿದ್ದಳು. ಇದೂ ಅಂಥದ್ದೇ ಎನ್ನಿಸಿ ಅವಳ ಕಣ್ಣು ತುಂಬಿತು.

"ಭಯ ಆಯ್ತಾ?" ಎಂದ ನರೇಶ್, ಆಮೇಲೆ, ಗೋಲಿ ಸೋಡಾ ಒಡೆದು ಕೊಡುತ್ತಾ. ಗಂಟಲು ಪೂರ್ತಿ ಕೂತುಹೋಗಿತ್ತು.

"ನಿನ್ನ ಗಂಟಲು ನೋಡಿ ಭಯ ಆಗ್ತಿದೆ. ನಾಳೆ ನಂಗೆ ಫೋನ್ ಮಾಡಿ ಏನ್ ಮಾತಾಡ್ತೀಯಾ?"

"ನೀನ್ ಮಾತಾಡು. ನಾನ್ ಕೇಳ್ತೀನಿ." ಬಾಟಲು ಕೊಟ್ಟ ಬೆರಳು ಅವಳ ಬೆರಳ ಮೇಲೆ ಒಂದು ಗಳಿಗೆ ತಡೆಯಿತು. "ಹಂಗೇ ಎಷ್ಟ್ ವರ್ಷ ಆದ್ರೂ ಕೇಳ್ತೀನಿ."

ಅದೇ ಅವನು ಮದುವೆಗೆ ಕೇಳಿದ ರೀತಿ. ಅದೇ ಅವಳು ಒಪ್ಪಿದ ರೀತಿ, ಸೋಡಾ ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮುತ್ತಾ.

ಮನೆಯಲ್ಲಿ ವಿಷಯ ಹೇಳಿದಾಗ ಆಂಜಿನಪ್ಪ ಸಿಟ್ಟಾಗಲಿಲ್ಲ. ಬಹಳ ಹೊತ್ತು ಎಲೆಯಡಿಕೆ ಜಗಿದರು. "ಅವ್ನು ನಮ್ಮೋನಲ್ಲ. ಅದು ನಂಗೂ ಗೊತ್ತು, ನಿಂಗೂ ಗೊತ್ತು. ನಾನ್ ಬ್ಯಾಡ ಅಂದ್ರೆ ನೀನ್ ಕೊರಗ್ತೀಯ, ಊ ಅಂದ್ರೆ ನೆಂಟ್ರು ಆಡ್ಕೋತಾರೆ. ಅಮ್ಮನ್ನೇ ಕೇಳ್ಬಿಡಾನ. ಬಲಗಡೆ ಹೂ ಕೊಟ್ರೆ ನಾನ್ ಎದುರಾಡಾಕಿಲ್ಲ."

ಆ ಮನೆಯಲ್ಲಿ ಬಾವಿ ತೋಡಿಸಿದ್ದು, ಹೊಲ ಮಾರಿದ್ದು, ಎಲ್ಲವೂ ಅಮ್ಮನ ಹೂ ಕೇಳಿಯೇ ಆಗಿತ್ತು. ನೀರಿನಲ್ಲಿ ಅದ್ದಿದ ಹೂಗಳನ್ನು ಅಮ್ಮನ ಎರಡೂ ಭುಜಕ್ಕೆ ಅಂಟಿಸಿ ಕಾಯಬೇಕು. ಬಲಗಡೆಯದು ಉದುರಿದರೆ ಅಪ್ಪಣೆ, ಎಡಗಡೆಯದು ಉದುರಿದರೆ ಇಲ್ಲ. ಒಂದೇ ಮಾತಿಗೆ ಎರಡು ಸಲ ಕೇಳುವ ಪದ್ಧತಿಯಿಲ್ಲ. ವೇಣಿ ಇದನ್ನು ನಂಬಿದವಳು. ನಂಬಿದ್ದರಿಂದಲೇ ಧೈರ್ಯವಾಗಿ ಒಪ್ಪಿದಳು.

ಹೂ ಕೇಳುವ ಹಿಂದಿನ ದಿನ, ಸೋಮವಾರ ಸಂಜೆ, ಹುಡುಗರು ಭಾನುವಾರ ತಪ್ಪಿದ್ದ ಅಭ್ಯಾಸದ ನಡುವಿನಲ್ಲಿದ್ದಾಗ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಕತ್ತಲಲ್ಲಿ ತಡಕಾಡಿ, ಗಿಟಾರುಗಳನ್ನು ಸ್ಪೀಕರಿಗೆ ಒರಗಿಸಿ, ಕೊಠಡಿಗೆ ಬೀಗ ಹಾಕಿ, ಎಂದಿನಂತೆ ಕೀಲಿಯನ್ನು ಆಂಜಿನಪ್ಪನವರ ಕೈಗಿತ್ತು ಹೋದರು. ಕರೆಂಟು ಹೋದಾಗ ಸ್ವಿಚ್ಚು ಆರಿಸುವ ನೆನಪು ಯಾರಿಗಿರುತ್ತದೆ?

ಮಂಗಳವಾರ ಬೆಳಿಗ್ಗೆ ಗುಡಿಯಲ್ಲಿ ದೀಪದ ಬೆಳಕಷ್ಟೇ. ನಲ್ಲಪ್ಪ ಹೂವಿಟ್ಟು ಗಂಟೆ ಬಾರಿಸಿ ಹಿಂದೆ ಸರಿದ. ಆಂಜಿನಪ್ಪ ಕೈಮುಗಿದು ನಿಂತರು. ನರೇಶ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಗೆ ಅರಳೀಕಟ್ಟೆಯ ಬಳಿ ನಿಂತಿದ್ದ. ವೇಣಿ ಕಣ್ಣು ಮುಚ್ಚಿದಳು. ಕೊಡು ತಾಯಿ, ಇನ್ನೇನೂ ಕೇಳುವುದಿಲ್ಲ.

ಆಗ ಬೀದಿಗೆ ಕರೆಂಟು ಬಂತು.

ಗೋಡೆಯಾಚೆ, ಸ್ಪೀಕರಿಗೆ ಒರಗಿಸಿದ್ದ ಗಿಟಾರು ತನ್ನ ದನಿಯನ್ನು ತಾನೇ ಕೇಳಿಕೊಂಡು ಗುಂಯ್ ಎಂದು ಎದ್ದಿತು. ಆ ದನಿ ಬೆಳೆಯುತ್ತಾ ಬೆಳೆಯುತ್ತಾ ಗೋಡೆಯಲ್ಲಿ ತುಂಬಿತು, ದೀಪದ ಕುಡಿ ನಡುಗಿತು, ಅಮ್ಮನ ಬೆಳ್ಳಿಯ ಕಣ್ಣು ಮಿಣುಗಿತು. ಬಲಭುಜದ ಹೂ ಜಾರಿ ಕಲ್ಲಿನ ಮೇಲೆ ಬಿತ್ತು.

ನಲ್ಲಪ್ಪ ಒಮ್ಮೆ ಹೂವನ್ನು ನೋಡಿದ, ಒಮ್ಮೆ ಗೋಡೆಯನ್ನು. ಆಂಜಿನಪ್ಪ ನಿಟ್ಟುಸಿರಿಟ್ಟು, "ಬಲಗಡೆ ಬಿತ್ತು. ಮಾತು ಮಾತೇಯ. ಇನ್ ನಿನ್ ಮನ್ಸು ಕಣವ್ವಾ," ಎಂದರು.

ಆದರೆ ವೇಣಿಯ ಮನಸ್ಸಿನಲ್ಲಿ ಮುಳ್ಳೊಂದು ಆಗಲೇ ಹೊಕ್ಕಿತ್ತು. ಅಮ್ಮನ ಮುಂದೆ ಆಟ ಕಟ್ಟಿದರೇ? ಕೊಠಡಿಯಲ್ಲಿ ಯಾರಾದರೂ ಕಾದು ಕೂತಿದ್ದರೇ? ಅವಳು ಬರಿಗಾಲಲ್ಲಿ ಅರಳೀಕಟ್ಟೆಗೆ ಓಡಿದಳು.

"ಆ ಸದ್ದಿಗೇ ಬಲಗಡೆ ಹೂ ಬಿತ್ತು. ಬಾಲಾಜಿ ಕೈಲಿ ಮಾಡ್ಸಿದ್ಯಾ?"

ನರೇಶ್ ತಮಾಷೆಯೆಂದುಕೊಂಡು ನಕ್ಕ. ಅವಳ ಮುಖ ನೋಡಿ ನಗು ಅರ್ಧಕ್ಕೆ ನಿಂತಿತು.

"ಕೇಳ್ತಿದ್ದೀಯೋ, ಹೇಳ್ತಿದ್ದೀಯೋ?"

"ಅಮ್ಮನ ವಿಷಯ ನರೇಶ್. ಆಟ ಅಲ್ಲ."

"ನಂಗೂ ಆಟ ಅಲ್ಲ ವೇಣಿ." ಅವನು ಅಂಗಿಯ ತೋಳನ್ನು ನಿಧಾನವಾಗಿ ಮಡಿಸಿಕೊಂಡ. ಅಷ್ಟು ಕಿರುಚಬಲ್ಲವನು ಅಂದು ದನಿಯೇರಿಸಲಿಲ್ಲ. "ನನ್ನನ್ನ ದೇವ್ರು ನಂಬದೇ ಇದ್ರೂ ಪರ್ವಾಗಿಲ್ಲ. ನೀನು ನಂಬ್ತೀಯಾ ಅನ್ಕೊಂಡಿದ್ದೆ."

ಅವನು ಹೋದ. ಎರಡು ದಿನ ಕಳೆದು ಬಾಲಾಜಿ ಬಂದು ಸಾಮಾನೆಲ್ಲ ಟೆಂಪೋಗೆ ತುಂಬಿಸಿದ. ಅವತ್ತು ಆಂಜಿನಪ್ಪ ಊಟ ಮಾಡುತ್ತಾ, ತಟ್ಟೆ ನೋಡಿಕೊಂಡೇ ಹೇಳಿದರು: "ಒಂದ್ ಮಾತು ಏಳ್ತೀನಿ ಕಣವ್ವಾ. ಕೊಠಡಿ ಬೀಗದ ಕೈ ಮಂಗಳವಾರ ನನ್ ಉಡಿದಾರದಾಗೇ ಇತ್ತು. ಒಳಗೆ ನರಪಿಳ್ಳೆ ಓಗಾಕೆ ಸಾಧ್ಯಾನೇ ಇರ್ನಿಲ್ಲ."

ವೇಣಿ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು.

ಮಾರನೆಯ ದಿನ ಹೊಸೂರು ರಸ್ತೆಯಲ್ಲಿ ಅತ್ತಿಬೆಲೆಯ ಬಸ್ಸಿಗೆ ನಿಂತಳು. ಬಸ್ಸು ಬಂತು, ಕಂಡಕ್ಟರ್ "ಹತ್ತಮ್ಮಾ" ಎಂದ. ಯಾವ ಬಾಯಲ್ಲಿ ಆ ಮಾತು ಕೇಳಿದಳೋ ಅದೇ ಬಾಯಿ ಹೊತ್ತು ಹೋಗುವುದು ಹೇಗೆ? ಇಂದು ಬೇಡ, ಅವನ ನೋವು ಸ್ವಲ್ಪ ಆರಲಿ, ನಾಳೆ ಹೋದರಾಯಿತು ಎಂದುಕೊಂಡಳು. ನಾಳೆ ಎನ್ನುವುದು ಬಲು ಮೆತ್ತನೆಯ ಹಾಸಿಗೆ, ಮಲಗಿದವರನ್ನು ಏಳಗೊಡುವುದಿಲ್ಲ. ಹಾಗೇ ವರ್ಷ ತುಂಬಿತು. ಶ್ರೀಧರನೆಂಬವನ ಮನೆಯವರು ಹೆಣ್ಣು ನೋಡಲು ಬಂದಾಗ ಅಮ್ಮನನ್ನು ಕೇಳೋಣವೇ ಎಂದರು ಆಂಜಿನಪ್ಪ. "ಬೇಡಪ್ಪಾ, ಆಗ್ಲಿ ಬಿಡು," ಎಂದಳು ಅವಳು.

ಶ್ರೀಧರ ಒಳ್ಳೆಯವನು. ಶಾಲೆಯ ವ್ಯಾನು ಓಡಿಸುತ್ತಾನೆ, ಹೆಂಡತಿಯನ್ನು ನೋಯಿಸುವ ಮಾತು ಆಡಿದವನಲ್ಲ. ಅವಳ ಬಾಳಿನಲ್ಲಿ ಹೇಳಿಕೊಳ್ಳುವಂಥ ಕೊರತೆಯೇನೂ ಇಲ್ಲ. ಆದರೂ ಸಿಗ್ನಲ್ಲಿನಲ್ಲಿ ಕಪ್ಪು ಟೀ ಶರ್ಟಿನ ಹುಡುಗರು ಗಿಟಾರು ಬೆನ್ನಿಗೇರಿಸಿ ಬೈಕಿನಲ್ಲಿ ಹೋದರೆ ಅವಳು ತಿರುಗಿ ನೋಡುತ್ತಾಳೆ. ಆ ನೆಲಮಾಳಿಗೆಯ ಬ್ಯಾಂಡುಗಳು ಒಂದೊಂದಾಗಿ ಚದುರಿದವು. ಒಬ್ಬನಿಗೆ ನೈಟ್ ಶಿಫ್ಟು, ಒಬ್ಬನಿಗೆ ಮದುವೆ, ಒಬ್ಬ ದುಬೈಗೆ. ಒಂದು ಹಾಡನ್ನೂ ಸರಿಯಾಗಿ ರೆಕಾರ್ಡ್ ಮಾಡಿರಲಿಲ್ಲ. ಕೇಳಿದವರ ಎದೆಯಲ್ಲಿ ಉಳಿದದ್ದಷ್ಟೇ ಉಳಿಯಿತು.

ರಾಗಿ ಕೊಠಡಿ ಕೆಡವಿ ಅಲ್ಲಿ ಹೆಣ್ಣುಮಕ್ಕಳ ಪೀಜಿ ಕಟ್ಟಿದರು. ನೋಡಿಕೊಳ್ಳುವವಳು ವೇಣಿ. ಹೋದ ವರ್ಷ, ಎರಡು ಸಾವಿರದ ಹದಿನೆಂಟರಲ್ಲಿ, ಜನರೇಟರ್ ಕೂರಿಸಲು ಅತ್ತಿಬೆಲೆಯಿಂದ ಗಾಡಿ ಬಂತು. ಕೆಲಸದವರ ಹಿಂದೆ ಇಳಿದವನ ತಲೆಯಲ್ಲಿ ಬಿಳಿಕೂದಲು ಬೆರೆತಿತ್ತು, ಕನ್ನಡಕವಿತ್ತು.

"ಓನರ್ ಮಗಳು," ಎಂದ ಅವನು. ಕೆಳದುಟಿ ಸ್ವಲ್ಪವೇ ಪಕ್ಕಕ್ಕೆ ಸರಿಯಿತು.

"ಈಗ ಓನರ್ರೇ," ಎಂದಳು. "'ಕರೆಂಟ್ ಹೋಯ್ತು' ಅಂತಿದ್ದೋನು ಜನರೇಟರ್ ಮಾರ್ತಿದ್ದೀಯಾ?"

"ಹೋಗೋದು ಹೆಂಗೆ ಅಂತ ಚೆನ್ನಾಗಿ ಗೊತ್ತಲ್ಲ. ಅದಕ್ಕೇ."

ಇಬ್ಬರೂ ನಕ್ಕರು. ಕೆಲಸದವರು ಪೈಪು ಜೋಡಿಸುತ್ತಿದ್ದರು. ಗುಡಿಯ ಗೋಡೆಯ ನೆರಳು ಅವರಿಬ್ಬರ ಕಾಲಬಳಿ ಬಿದ್ದಿತ್ತು. ಅವನಿಗೆ ಒಬ್ಬಳು ಮಗಳಂತೆ. ಮಲಗಿಸಲು ಹಾಡಿದರೆ "ಇನ್ನೂ ಜೋರಾಗಿ ಅಪ್ಪಾ" ಎನ್ನುತ್ತಾಳಂತೆ. ಹೆಂಡತಿ ಹಳ್ಳಿಯ ಕಡೆಯವಳು, ತುಂಬಾ ತಾಳ್ಮೆಯಂತೆ. ವೇಣಿ ಎಲ್ಲವನ್ನೂ ಕೇಳಿದಳು. ಆಮೇಲೆ, ಇಷ್ಟು ವರ್ಷ ನಾಲಿಗೆಯ ಕೆಳಗೆ ಕೂತಿದ್ದ ಮಾತು ಎದ್ದು ಬಂತು.

"ನೀನಲ್ಲ ಅಂತ ನಂಗೆ ಗೊತ್ತಾಯ್ತು ನರೇಶ್."

ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ನೋಡುತ್ತಾ ನಿಂತ. "ಯಾವಾಗ?"

"ಅದೇ ವಾರ. ಕೀಲಿ ಅಪ್ಪನ ಹತ್ರ ಇತ್ತು."

"ಅದೇ ವಾರನಾ?" ಅವನ ದನಿ ತೀರಾ ಕೆಳಗಿಳಿಯಿತು. "ನಾನು ಇಷ್ಟ್ ವರ್ಷ, ನಿನ್ನ ಕಣ್ಣಲ್ಲಿ ಮೋಸಗಾರ ಆಗೇ ಉಳ್ಕೊಂಡೆ ಅನ್ಕೊಂಡಿದ್ದೆ."

"ಬಸ್ಸಿಗೆ ನಿಂತಿದ್ದೆ. ಹತ್ತಲಿಲ್ಲ. ಮುಖ ಇರ್ಲಿಲ್ಲ."

ನರೇಶ್ ಸ್ಪ್ಯಾನರನ್ನು ಕೆಳಗಿಟ್ಟ. "ನಾನೂ ಬರಬಹುದಿತ್ತು," ಎಂದ. "ನೀನೇ ಕರೀತೀಯ ಅಂತ ಕೂತೆ. ವಯಸ್ಸು, ಪೊಗರು." ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. "ಒಂದ್ ಕೇಳ್ಲಾ? ಈಗ ಏನನ್ಸುತ್ತೆ ನಿಂಗೆ? ಆ ಹೂ ಕರೆಂಟು ಕೊಟ್ಟಿದ್ದಾ, ಅಮ್ಮ ಕೊಟ್ಟಿದ್ದಾ?"

ವೇಣಿ ಗೋಡೆಯ ಕಡೆ ನೋಡಿದಳು. ಇದನ್ನು ಅವಳು ಎಷ್ಟು ಮಂಗಳವಾರ ಅಮ್ಮನ ಮುಂದೆ ನಿಂತು ಕೇಳಿಕೊಂಡಿದ್ದಳೋ.

"ರಾತ್ರಿಯೆಲ್ಲ ಬರದಿದ್ದ ಕರೆಂಟು ಆ ಗಳಿಗೇಲೇ ಬರಬೇಕಿತ್ತಾ? ಅಮ್ಮನೇ ಕೊಟ್ಟಿದ್ದು ನರೇಶ್. ತನ್ನ ಕೈಗೆ ಸಿಕ್ಕಿದ್ರಲ್ಲಿ ಕೊಟ್ಟಳು. ನಾನು ಸೆರಗು ಒಡ್ಡಲಿಲ್ಲ."

ಜನರೇಟರ್ ಒಮ್ಮೆ ಗುಡುಗಿ, ಸ್ಥಿಮಿತಕ್ಕೆ ಬಂದು ಓಡತೊಡಗಿತು. ಅವನು ಕಿವಿಗೊಟ್ಟು ಕೇಳಿ, ತಲೆಯಾಡಿಸಿ ನಿಲ್ಲಿಸಿದ.

"ಕಾಫಿ ಕುಡಿದು ಹೋಗು," ಎಂದಳು ವೇಣಿ. "ಇವರೂ ಬರೋ ಹೊತ್ತಾಯ್ತು."

"ಬೇಡ ಕಣೇ." ಎಷ್ಟೋ ವರ್ಷದ ಮೇಲೆ ಆ 'ಕಣೇ' ಅವನ ಬಾಯಿಂದ ತಾನಾಗಿ ಜಾರಿತು, ಇಬ್ಬರಿಗೂ ಕೇಳಿಸಿತು. "ಮೂರ್ ತಿಂಗಳಿಗೊಂದ್ಸಲ ಸರ್ವೀಸ್ ಇರುತ್ತೆ. ಬೇರೆಯವರನ್ನ ಕಳಿಸ್ತೀನಿ."

ಅವಳಿಗೆ ಅರ್ಥವಾಯಿತು. "ಅದೇ ಸರಿ," ಎಂದಳು.

ಗಾಡಿ ಹಳೇ ಬೀದಿಯ ತಿರುವಿನವರೆಗೂ ನಿಧಾನವಾಗಿ ಹೋಯಿತು. ವೇಣಿ ಒಳಗೆ ಬಂದು ತನಗೂ ಅವನಿಗೂ ಎಂದು ಇಟ್ಟಿದ್ದ ಹಾಲಿಗೆ ಒಬ್ಬರಿಗಾಗುವಷ್ಟು ಡಿಕಾಕ್ಷನ್ ಬೆರೆಸಿದಳು. ಆಮೇಲೆ ಒಂದು ಕ್ಷಣ ನಿಂತು, ಉಳಿದ ಡಿಕಾಕ್ಷನ್ನನ್ನೂ ಬೆರೆಸಿ, ಇನ್ನೇನು ಬರಲಿರುವ ಶ್ರೀಧರನಿಗೆಂದು ಅವನ ಲೋಟ ತೊಳೆದಿಟ್ಟಳು.