ಎಣ್ಣೆ ಹನಿಯ ಜಾಡು

ಕೊಡಲಿ ನನ್ನ ಕಿವಿ ಸವರಿಕೊಂಡು ಹೋಗಿ ಗಾಡಿಯ ಹಲಗೆಗೆ ಕಚ್ಚಿತು!

ಒಂದು ಬೆರಳು ಈಚೆ ಬಂದಿದ್ದರೆ ಈ ಕತೆ ಹೇಳಲು ನೀವು ಬೇರೆ ಯಾರನ್ನಾದರೂ ಹುಡುಕಬೇಕಾಗಿತ್ತು.

ರೋಣದ ಹೊರಗಿನ ಬಾವಿ. ಬಿಸಿಲಿನ್ನೂ ಏರಿರಲಿಲ್ಲ. ದಣಿದ ಎತ್ತುಗಳನ್ನು ಬಿಚ್ಚಿ ಹೊಸ ಜೋಡಿ ಹೂಡುತ್ತಿದ್ದೆ. ಗಾಡಿಯ ಕಮಾನಿನೊಳಗೆ ಸಿದ್ದವ್ವ ಕೂತಿದ್ದಳು. ತುಂಬಿದ ಬಸುರಿ.

ಕೊಡಲಿ ಬೀಸಿದವನು ಅಂದಾನೆಪ್ಪ. ಗಜೇಂದ್ರಗಡದ ಪ್ರಭುಲಿಂಗಪ್ಪನ ಬಂಟ. ಕುತ್ತಿಗೆ ಅನ್ನುವುದೇ ಇಲ್ಲದ ಆಳು.

"ಕಳಕ್ಯಾ... ಹೆಂಗಸನ್ನ ಇಳಿಸು. ನಿನ್ನ ದಾರಿ ನೀ ಹಿಡಿ."

"ಒಬ್ಬನ ಬಂದೀಯೇನು?"

"ಧಣ್ಯಾರು ಹಿಂದ ಬರಾಕತ್ಯಾರ. ನಾ ಕುದುರಿ ಮ್ಯಾಲೆ ಮುಂದ ಬಂದೆ."

"ಕುದುರಿ? ಎಲ್ಲೈತಿ?"

ಪೆದ್ದ! ಇಡೀ ಮೈ ತಿರುಗಿಸಿ ನೋಡಿದ. ನೊಗದ ಗೂಟ ಕಿತ್ತು ಅವನ ಮೊಣಕಾಲಿಗೆ ಬಾರಿಸಿದೆ. ಬಿದ್ದ. ಮೇಲೇಳುವ ಮುಂಚೆ ಇನ್ನೊಂದು ಕೊಟ್ಟೆ. ಬಾವಿಯ ಹಗ್ಗದಿಂದಲೇ ಬೇವಿನ ಮರಕ್ಕೆ ಬಿಗಿದೆ. ಕುದುರೆಯ ಲಗಾಮು ಕೊಯ್ದು ಹೊಲದ ಕಡೆ ಓಡಿಸಿದೆ.

ಆದರೂ ಅವನು ನಗುತ್ತಿದ್ದ.

"ಓಡು ಮಗನ... ಎಷ್ಟು ಓಡ್ತಿ ಓಡು! ಹಿಂದ ಒಮ್ಮೆ ತಿರುಗಿ ನೋಡು!"

ನೋಡಿದೆ.

ನಾವು ಬಂದ ದಾರಿಯ ಧೂಳಿನಲ್ಲಿ ಕಪ್ಪು ಹನಿ. ಒಂದು ಮಾರು ಆಚೆ ಇನ್ನೊಂದು. ಅದರಾಚೆ ಇನ್ನೊಂದು... ಕಣ್ಣು ಹಾಯುವವರೆಗೂ!

ನಾನು ಯಾರು ಗೊತ್ತೇನು? ಕಳಕಪ್ಪ. ಸೂಡಿಯ ಜಾಡುಗಾರ. ಕಳುವಾದ ಎತ್ತಿನ ಹೆಜ್ಜೆ ಹಿಡಿದು ಹೋಗಿ ಕಳ್ಳನ ಬಾಗಿಲಲ್ಲಿ ನಿಲ್ಲುವುದು ನನ್ನ ಕಸುಬು. ಹೆಂಡತಿ ಇಲ್ಲ, ಮಕ್ಕಳಿಲ್ಲ. ಎಡಗಾಲಿಗೆ ಕಿರುಬೆರಳೂ ಇಲ್ಲ. ಮಲಗಿದ ಕಡೆ ಮನೆ. ಹುಟ್ಟಿದಾಗಿನಿಂದ ನೆಲ ನೋಡಿಯೇ ಹೊಟ್ಟೆ ಹೊರೆದವನು ನಾನು, ಅವತ್ತು ನನ್ನ ಹಿಂದಿನ ನೆಲ ನೋಡಿರಲಿಲ್ಲ!

ನರಗುಂದದಲ್ಲಿ ಬಂಡಾಯ ಏಳಲು ಇನ್ನೂ ಎರಡು ವರ್ಷ ಇತ್ತು. ಕುಂಪಣಿ ಸರ್ಕಾರ ದತ್ತಕ ಒಪ್ಪುವುದಿಲ್ಲ ಅಂತ ವತನದಾರರೆಲ್ಲ ಹೆದರಿದ್ದ ಕಾಲ. ಪ್ರಭುಲಿಂಗಪ್ಪನ ತಮ್ಮ ಜ್ವರದಲ್ಲಿ ತೀರಿಕೊಂಡ. ವಂಶದ ಜಮೀನು, ವತನ, ಇದ್ದದ್ದು ತಮ್ಮನ ಪಾಲಿಗೆ. ತಮ್ಮನ ಹೆಂಡತಿ ಸಿದ್ದವ್ವನ ಹೊಟ್ಟೆಯಲ್ಲಿ ಕೂಸು. ಗಂಡು ಹುಟ್ಟಿದರೆ ವತನ ಅದಕ್ಕೆ. ಹುಟ್ಟದಿದ್ದರೆ ಪ್ರಭುಲಿಂಗಪ್ಪನಿಗೆ. ಅವನು ಸೂಲಗಿತ್ತಿ ಮಾಯವ್ವನನ್ನು ಕರೆಸಿ, ಕೂಸು ಹೊರಗೆ ಬಂದು ಅಳಬಾರದು ಅಂತ ಹೇಳಿದ. ಮಾಯವ್ವ ಹೂಂ ಅಂದಳು. ಹೂಂ ಅಂದು ನೇರ ನನ್ನ ಹತ್ತಿರ ಬಂದಳು.

"ನಿನ್ನನ್ನೂ ನಾನ ಹಿಡಿದೀನೋ ಕಳಕ್ಯಾ, ಇದ ಕೈಯಾಗ. ಆಕಿನ್ನ ಹೊತ್ತು ಮುಳುಗೂದ್ರಾಗ ಕೊಣ್ಣೂರ ಹೊಳಿ ದಾಟಸು. ಆಚಿ ದಂಡಿಗೆ ಆಕಿ ಅಣ್ಣಂದಿರದಾರ."

ಇಲ್ಲ ಅನ್ನಲು ಬಾಯಿ ಬರಲಿಲ್ಲ. ನನಗೆ ಇದ್ದ ಒಂದೇ ನಂಟು ಅವಳು.

ಗಾಡಿ ಕೊಟ್ಟವನು ಯಮನೂರಸಾಬ. ಗಜೇಂದ್ರಗಡದಲ್ಲಿ ಗಾಡಿ ಮಾಡುತ್ತಿದ್ದ. ಅವನ ಹೆಂಡತಿ ಮಾಬೂಬಿಯ ಮಕ್ಕಳೆಲ್ಲ ಮಾಯವ್ವನ ಕೈಯಲ್ಲೇ ಹುಟ್ಟಿದವು. ಗಾಡಿ ಮಾತ್ರ ಮಾಡಿದ್ದು ಯಾರಿಗೆ ಗೊತ್ತೇ? ಪ್ರಭುಲಿಂಗಪ್ಪನಿಗೆ! ಈ ಸೀಮೆಯಲ್ಲಿ ತನ್ನ ಗಾಡಿಯ ಮುಂದೆ ಇನ್ನೊಂದು ಗಾಡಿ ಹೋಗಬಾರದು ಅಂತ ಅವನ ಹುಕುಂ ಆಗಿತ್ತು.

ಗಾಡಿ ಜೋರಾಗಿ ಓಡಿದರೆ ಅಚ್ಚು ಕಾಯುತ್ತದೆ. ಬಳಿದ ಔಡಲ ಎಣ್ಣೆ ನೀರಾಗಿ ಸೋರಿಹೋಗುತ್ತದೆ. ಆಮೇಲೆ ಕಾದ ಕಬ್ಬಿಣದ ಅಚ್ಚು ಗಾಲಿಯ ನಡುವಿನ ಮರದ ಗುಂಬವನ್ನೇ ಸುಡುತ್ತದೆ. ಅದಕ್ಕೇ ಎಲ್ಲರೂ ಹರದಾರಿಗೊಮ್ಮೆ ನಿಲ್ಲಿಸಿ, ಕೊಂಬಿನಿಂದ ಎಣ್ಣೆ ಹೊಯ್ದು, ಆರಲು ಬಿಟ್ಟು, ಎಲೆ ಅಡಿಕೆ ಹಾಕಿಕೊಂಡು ಮುಂದೆ ಹೋಗುವುದು. ನಮಗೆ ಆ ಪುರಸೊತ್ತು ಎಲ್ಲಿತ್ತು?

ಯಮನೂರಸಾಬ ಪ್ರತಿ ಗಾಲಿಯ ಮೇಲೂ ಎರಡು ತೊಗಲ ಚೀಲ ಕಟ್ಟಿದ್ದ. ಒಂದರಲ್ಲಿ ಎಣ್ಣೆ, ಒಂದರಲ್ಲಿ ನೀರು. ಬಿದಿರಿನ ಕೊಳವೆ, ಒಳಗೆ ಹತ್ತಿಯ ಬತ್ತಿ. ಎಣ್ಣೆ ಹನಿಹನಿಯಾಗಿ ಗುಂಬದೊಳಗೆ ಇಳಿಯಬೇಕು. ನೀರು ಅಚ್ಚಿಗೆ ಸುತ್ತಿದ ತಾಮ್ರದ ತಗಡಿನ ಮೇಲೆ ಬೀಳಬೇಕು. ತಾಮ್ರ ಕಾವು ಎಳೆದುಕೊಳ್ಳುತ್ತದೆ, ನೀರು ಅದನ್ನು ಒಯ್ಯುತ್ತದೆ. ಮಾಡಿದ್ದು ಚಲೋ ಇತ್ತು. ಅವನು ಅದನ್ನು ಹೊಗಳಿಕೊಂಡದ್ದು ಇನ್ನೂ ಚಲೋ ಇತ್ತು.

"ನಿಲ್ಲಸೂ ಮಾತ ಇಲ್ಲ ಕಳಕಪ್ಪಾ! ಗಾಳಿ ಹಿಂದ ಬೀಳಬೇಕು!"

ಗಾಳಿ ಹಿಂದೆ ಬಿತ್ತು, ಸುಳ್ಳಲ್ಲ. ಬತ್ತಿಯಿಂದ ಮಿಕ್ಕಿದ ಎಣ್ಣೆ ಮಾತ್ರ ದಾರಿಗೆ ಬೀಳುತ್ತಿತ್ತು!

ಇದರಲ್ಲಿ ಕುತ್ತು ಏನು ಅಂತ ಕೇಳಿ. ನಮ್ಮ ಸೀಮೆಗೆ ಒಂದು ಕಟ್ಟಳೆ ಉಂಟು. ಕಳವಾಗಿದೆ ಅಂತ ಒಬ್ಬ ಆಣೆ ಮಾಡಿ ಹುಯ್ಯಲಿಟ್ಟರೆ, ಊರ ಜಾಡುಗಾರ ಹೆಜ್ಜೆ ಹಿಡಿದು ತನ್ನ ಸೀಮೆಯ ಕಲ್ಲಿನವರೆಗೆ ಬರಬೇಕು. ಅಲ್ಲಿ ಎಲೆ ಅಡಿಕೆ ಇಟ್ಟು ಜಾಡನ್ನು ಮುಂದಿನ ಊರಿಗೆ ಒಪ್ಪಿಸಬೇಕು. ಅವರು ತಮ್ಮ ಸೀಮೆ ದಾಟಿಸಬೇಕು. ಜಾಡು ಎಲ್ಲಿ ನಿಲ್ಲುತ್ತದೋ ಆ ಊರು ಕಳವಿಗೆ ಹೊಣೆ. ಒಂದು ಮನೆಯ ಬಾಗಿಲಲ್ಲಿ ನಿಂತರೆ ಆ ಮನೆ ಹೊಣೆ. ಹೀಗಾಗಿ ಯಾವ ಊರೂ ಜಾಡು ಬಿಡುವುದಿಲ್ಲ. ಪ್ರಭುಲಿಂಗಪ್ಪ ಆಣೆ ಮಾಡಿದ್ದ. ಗಾಡಿ ಕಳವು, ಹೆಂಗಸೂ ಕಳವು ಅಂತ. ಪ್ರತಿ ಸೀಮೆಯಲ್ಲೂ ಅವನಿಗೆ ಹೊಸ ಜಾಡುಗಾರ ಸಿಗುತ್ತಿದ್ದ. ಈ ಹನಿ ಕುದುರೆಯ ಮೇಲೆ ಕೂತವನಿಗೂ ಕಾಣುತ್ತಿತ್ತು. ಮತ್ತೆ ನರಗುಂದದ ಸೀಮೆಯಲ್ಲಿ ಜಾಡುಗಾರ ತೋಟಪ್ಪ ಇದ್ದ. ನನಗಿಂತ ಚೂಪು ಕಣ್ಣು ಯಾರದಾದರೂ ಇದ್ದರೆ ಅವನೊಬ್ಬನದೇ.

ಗಾಡಿ ಬಿಟ್ಟೆ. ಮೊದಲು ಬತ್ತಿಗಳನ್ನು ತುರುಕಿ ಹನಿ ನಿಲ್ಲಿಸಿದೆ. ಒಂದು ಹರದಾರಿ ಹೋಗುವುದರಲ್ಲಿ ಸುಟ್ಟ ವಾಸನೆ! ಗುಂಬ ಮುಟ್ಟಿದೆ, ಬೆರಳು ಚುರ್ ಅಂದಿತು. ಮತ್ತೆ ಬತ್ತಿ ಬಿಚ್ಚಿದೆ. ಗಾಲಿ ತಣ್ಣಗಾಯಿತು. ಹನಿ ಶುರುವಾಯಿತು.

ಹನಿ ಬಿದ್ದರೆ ಹಿಂದಿನವರು ಹಿಡಿಯುತ್ತಾರೆ. ಹನಿ ನಿಂತರೆ ಗಾಡಿ ಸುಡುತ್ತದೆ.

"ಅಣ್ಣಾ..." ಕಮಾನಿನೊಳಗಿಂದ ಸಿದ್ದವ್ವ ಕೂಗಿದಳು. "ಅವರು ಸಿಕ್ಕರ ನೀವು ಓಡಿಹೋಗ್ರಿ. ನನಗಾಗಿ ನಿಮ್ಮ ಮನಿ ಮಂದಿ ಅಳೂದು ಬ್ಯಾಡ."

"ಅಳೂ ಮಂದಿ ಇಲ್ಲ ತಂಗೆವ್ವಾ. ಬಿಗೀಗೆ ಹಿಡಕೊಂಡು ಕೂಡು."

ಕರಿ ಮಣ್ಣಿನ ಬಯಲು. ಮೊಣಕಾಲೆತ್ತರ ಹಿಂಗಾರಿ ಜೋಳ. ಒಂದು ಮರವಿಲ್ಲ, ಒಂದು ನರಪಿಳ್ಳೆಯಿಲ್ಲ. ನನ್ನನ್ನು ಯಾರೂ ಅಣ್ಣಾ ಅಂದಿರಲಿಲ್ಲ. ಆ ಮಾತು ಕಿವಿಯಲ್ಲೇ ಉಳಿದುಬಿಟ್ಟಿತು. ಒಂಟಿತನ ಅನ್ನುವುದು ಅದುವರೆಗೆ ನನಗೆ ಗೊತ್ತೇ ಇರಲಿಲ್ಲ ನೋಡಿ, ಅವತ್ತು ಗೊತ್ತಾಯಿತು.

ನರಗುಂದದ ಗುಡ್ಡ ಕಂಡಿತು. ಹಿಂದೆ ಧೂಳೂ ಕಂಡಿತು!

ಅವತ್ತು ನರಗುಂದದ ಸಂತೆ. ಊರು ದಾಟಿ ಕೊಣ್ಣೂರಿನ ದಾರಿ ಹಿಡಿದಾಗ ನೆಲದ ತುಂಬ ಗಾಡಿಯ ಗೀರು. ಒಂದರ ಮೇಲೊಂದು. ಇದರಲ್ಲಿ ನಮ್ಮ ಗೀರು ಯಾವುದು? ತೋಟಪ್ಪನಿಗೂ ತಿಳಿಯುವುದಿಲ್ಲ. ಹನಿಯೊಂದೇ ಗುರುತು...

ಹನಿಯೊಂದೇ!

ಎತ್ತಿನ ಹಗ್ಗ ಜಗ್ಗಿ ಗಾಡಿ ನಿಲ್ಲಿಸಿದೆ. ದಾರಿಯ ಬಲಕ್ಕೆ ಒಂದು ವಾಡೆ. ಕಲ್ಲಿನ ಗೋಡೆ, ದೊಡ್ಡ ಬಾಗಿಲು, ದಾರಿಯವರೆಗೂ ಹಾಸುಗಲ್ಲು. ಈ ಕಡೆಯ ಹೊಲ ನೋಡಿಕೊಳ್ಳಲು ಕಟ್ಟಿಸಿದ್ದು. ಆಳುಗಳೆಲ್ಲ ಸಂತೆಗೆ ಹೋಗಿದ್ದರು. ಯಾರ ವಾಡೆ ಅಂತ ಈ ದಾರಿಯಲ್ಲಿ ಓಡಾಡಿದವರಿಗೆಲ್ಲ ಗೊತ್ತು.

ಪ್ರಭುಲಿಂಗಪ್ಪನದು.

"ಏನ್ ಮಾಡ್ತೀರಿ ಅಣ್ಣಾ? ಇಲ್ಲ್ಯಾಕ ನಿಂತ್ರಿ?" ಸಿದ್ದವ್ವ ಕಮಾನಿನಿಂದ ತಲೆ ಹೊರಹಾಕಿದಳು.

"ನಿನ್ನ ಭಾವನ ಗಾಡಿ ಅವನ ಮನಿಗೆ ಮುಟ್ಟಿಸಿ ಬರ್ತೀನಿ."

ನಾಲ್ಕೂ ಚೀಲ ಬಿಚ್ಚಿದೆ. ಎಣ್ಣೆಯ ಚೀಲ ಹಿಂಡುತ್ತ ನಡೆದೆ. ಮಾರಿಗೊಂದು ಹನಿ, ಗಾಡಿ ಬೀಳಿಸಿದಂತೆಯೇ. ಹಾಸುಗಲ್ಲಿನ ಮೇಲೆ ಗಾಲಿಯ ಗೀರು ಮೂಡುವುದಿಲ್ಲ, ಹನಿ ಮೂಡುತ್ತದೆ. ದೊಡ್ಡ ಬಾಗಿಲಿಗೆ ಅಗುಳಿ ಹಾಕಿರಲಿಲ್ಲ. ಒಳಗೆ ಗಾಡಿ ನಿಲ್ಲಿಸುವ ಚಪ್ಪರ. ಅಲ್ಲಿಯವರೆಗೂ ಹನಿಸಿ, ಚೀಲಗಳನ್ನು ಗೂಟಕ್ಕೆ ನೇತುಹಾಕಿ ಓಡಿಬಂದೆ. ಒಂದು ತಪ್ಪಾಯಿತು. ಹೊರಗೆ ಬರುವಾಗ ಎಣ್ಣೆಯ ಮೇಲೆ ಕಾಲಿಟ್ಟೆ. ನಾಲ್ಕು ಬೆರಳಿನ ಪಾದ ಹಾಸುಗಲ್ಲಿನ ಮೇಲೆ ಅಚ್ಚೊತ್ತಿದಂತೆ ಮೂಡಿತು. ಒರೆಸಲು ಹೊತ್ತಿಲ್ಲ. ಕುದುರೆಯ ಗೊರಸಿನ ಸದ್ದು ಕೇಳುತ್ತಿತ್ತು.

ಗಾಡಿ ಹಾರಿಸಿದೆ! ಈಗ ತಂಪಿಲ್ಲ, ಎಣ್ಣೆಯಿಲ್ಲ. ಕೊಂಬಿನಲ್ಲಿ ಇದ್ದಷ್ಟೇ.

"ತಂಗೆವ್ವಾ, ಕೊಂಬು ತಗೋ! ಹೊಗಿ ಬಂದ ಗಾಲಿಗೆ ಹೊಯ್ಯಿ!"

ಹೊಯ್ದಳು. ಮುಗಿಯಿತು. ಎಡಗಾಲಿ ಕಿರುಚತೊಡಗಿತು.

"ಅಣ್ಣಾ, ತುಪ್ಪ ಐತ್ರಿ! ಬಾಣಂತನಕ್ಕ ಅಂತ ಮಾಯವ್ವ ಕಟ್ಟಿಕೊಟ್ಟಾಳ!"

"ಹಾಕು!"

ಗಡಿಗೆ ತುಪ್ಪ ಅಚ್ಚಿಗೆ ಸುರಿದಳು. ಚುರ್ರ್... ಇಡೀ ಬಯಲಿಗೆ ಹಬ್ಬದೂಟದ ವಾಸನೆ! ಬೆಳಗಿನಿಂದ ಇಬ್ಬರೂ ಒಂದು ತುತ್ತು ತಿಂದಿರಲಿಲ್ಲ. ಅಂಥ ಹೊತ್ತಿನಲ್ಲೂ ನನ್ನ ಹೊಟ್ಟೆ ಗುರ್ ಅಂದಿತು. ಸಿದ್ದವ್ವ ನಕ್ಕಳು. ಅವಳು ನಕ್ಕದ್ದು ಅದೊಂದೇ ಸಲ.

ಕೊಣ್ಣೂರಿನ ಹೊಳೆ ಕಣ್ಣಿಗೆ ಬೀಳುವಾಗ ಎಡಗಾಲಿಯ ಗುಂಬಕ್ಕೆ ಬೆಂಕಿ ಹತ್ತಿತು. ಎತ್ತುಗಳ ಹಗ್ಗ ಕೊಯ್ದು, ಅವಳನ್ನು ಕೈಹಿಡಿದು ಇಳಿಸಿದೆ. ಗಾಡಿ ಮಗ್ಗುಲಾಗಿ ಕೂತು ಉರಿಯಿತು. ದಾರಿಯಿಂದ ಕೊರಕಲಿಗೆ ತಳ್ಳಿದೆ.

ಅಂಬಿಗ ಕೊನೆಯ ಹರಗೋಲು ಬಿಡಲು ನಿಂತಿದ್ದ. ಸೂರ್ಯ ನೀರಿಗೆ ತಾಗುವಂತಿದ್ದ.

"ನೀವೂ ಬರ್ರಿ ಅಣ್ಣಾ. ನಮ್ಮ ಮನ್ಯಾಗ ನಿಮಗೊಂದು ತಾಟು ಹೆಚ್ಚಲ್ಲ."

ಹೋಗಬೇಕು ಅನಿಸಿತು. ಖರೇ ಹೇಳುತ್ತೇನೆ, ಬಹಳ ಅನಿಸಿತು. ಆದರೆ ಎತ್ತುಗಳು? ರೋಣದ ಬಾವಿಯಲ್ಲಿ ಹೂಡಿದ ಜೋಡಿ, ಯಮನೂರಸಾಬನ ಅಳಿಯನದು. ಹರಗೋಲಿನಲ್ಲಿ ಹಿಡಿಸುವುದಿಲ್ಲ. ದಂಡೆಯಲ್ಲಿ ಬಿಟ್ಟರೆ ಜಾಡು ಇಲ್ಲಿಗೇ ಬರುತ್ತದೆ.

"ಎತ್ತು ಹೊಡಕೊಂಡು ಹೋಗಬೇಕು. ನೀ ಹತ್ತು."

"ಕೂಸು ಹುಟ್ಟಿದ ಮ್ಯಾಲೆ ಹೇಳಿ ಕಳಸ್ತೀನ್ರಿ. ನಿಮ್ಮ ಮನಿ ಎಲ್ಲಿ ಅಂತ ಹೇಳಲಿ?"

ಹರಗೋಲಿನ ಅಂಚು ಹಿಡಿದು ನಿಂತೆ.

"ಹೊತ್ತಾತು. ಹತ್ತು ತಂಗೆವ್ವಾ."

ಹರಗೋಲು ಆಚೆ ದಂಡೆ ಮುಟ್ಟುವವರೆಗೂ ನಿಂತಿದ್ದೆ. ಅವಳು ತಿರುಗಿ ಕೈ ಎತ್ತಿದಳು. ನಾನೂ ಎತ್ತಿದೆ. ಅಷ್ಟೇ.

ಮರುದಿನ ಬೆಳಿಗ್ಗೆ ಎತ್ತು ಹೊಡೆದುಕೊಂಡು ಅದೇ ದಾರಿಯಲ್ಲಿ ಬಂದೆ. ಬೇರೆ ದಾರಿ ಇತ್ತು. ಆದರೂ ಬಂದೆ.

ವಾಡೆಯ ಮುಂದೆ ಜಾತ್ರೆ! ಜಾಡು ಹೊತ್ತು ಬಂದ ಅಷ್ಟೂ ಊರಿನ ಹಿರಿಯರು ಕಟ್ಟೆಯ ಮೇಲೆ ಕೂತಿದ್ದರು. ನಡುವೆ ಪ್ರಭುಲಿಂಗಪ್ಪ. ಮುಖ ಬಿಳಿಚಿಕೊಂಡಿತ್ತು. ಅವನು ನನ್ನ ಮುಖ ಕಂಡವನಲ್ಲ; ಕಂಡ ಅಂದಾನೆಪ್ಪ ಮೊಣಕಾಲು ಮುರಿದು ರೋಣದಲ್ಲೇ ಬಿದ್ದಿದ್ದ.

"ಗಾಡಿ ಚೀಲ ನಿನ್ನ ಚಪ್ಪರದಾಗ ಸಿಕ್ಕಾವು," ಒಬ್ಬ ಹಿರಿಯ ಗುಡುಗಿದ. "ಜಾಡು ನಿನ್ನ ಬಾಗಲದಾಗ ನಿಂತೈತಿ. ಹೆಂಗಸು ಎಲ್ಲಿ? ಬಸರಿ ಹೆಣ್ಣಮಗಳನ್ನ ಏನ್ ಮಾಡಿದಿ? ಹೇಳು!"

"ನಾ ಏನೂ ಮಾಡಿಲ್ರೀ! ಆ ಕಳಕ್ಯಾ ಮೋಸ ಮಾಡ್ಯಾನ!"

"ಆಣಿ ಮಾಡಿದಾವ ನೀನ. ಹೊಣಿನೂ ನೀನ!"

ಮೆಟ್ಟಿಲ ಹತ್ತಿರ ತೋಟಪ್ಪ ನಿಂತಿದ್ದ. ನನ್ನ ಎತ್ತು ನೋಡಿದ. ನನ್ನ ಎಡಗಾಲು ನೋಡಿದ. ಹಾಸುಗಲ್ಲಿನ ಮೇಲೆ ನಾಲ್ಕು ಬೆರಳಿನ ಎಣ್ಣೆಯ ಪಾದ ಇನ್ನೂ ಹಾಗೇ ಇತ್ತು.

ತೋಟಪ್ಪ ನಿಧಾನಕ್ಕೆ ಒಂದು ಹೆಜ್ಜೆ ಸರಿದು ಅದರ ಮೇಲೆ ನಿಂತುಕೊಂಡ.

"ಯಾವೂರು?"

"ಸೂಡಿ."

"ಒಬ್ಬನ?"

"ಯಾವಾಗಲೂ."

"ಹೋಗು. ಬಿಸಲಾಗತೈತಿ."

ಸಿದ್ದವ್ವನಿಗೆ ಗಂಡು ಹುಟ್ಟಿತು. ಪಂಚರು ಹೊಳೆ ದಾಟಿ ಹೋಗಿ ನೋಡಿಬಂದರು. ವತನ ಕೂಸಿಗೆ ಬಂತು. ತೊಟ್ಟಿಲಿಗೆ ಹಾಕುವ ದಿನ, ಸೋದರಮಾವನ ಜಾಗದಲ್ಲಿ ಇನ್ನೊಬ್ಬ ಅಣ್ಣ ಕೂರಬೇಕು ಅಂತ ಅವಳು ಹಟ ಹಿಡಿದಳಂತೆ. ನನ್ನನ್ನು ಹುಡುಕಿ ಕರೆತರಲು ತೋಟಪ್ಪನನ್ನೇ ಕಳಿಸಿದಳಂತೆ. ಇದೆಲ್ಲ ನನಗೆ ತಿಳಿದದ್ದು ಎಷ್ಟೋ ದಿನ ಕಳೆದ ಮೇಲೆ, ಅದೇ ಅಂಬಿಗನ ಬಾಯಿಂದ.

ತೋಟಪ್ಪ ರೋಣ ಹುಡುಕಿದ, ಸೂಡಿ ಹುಡುಕಿದ, ಗಜೇಂದ್ರಗಡದ ಗುಡ್ಡವನ್ನೆಲ್ಲ ಹುಡುಕಿದನಂತೆ. ನನ್ನ ಒಂದು ಹೆಜ್ಜೆಯೂ ಸಿಗಲಿಲ್ಲವಂತೆ.

ಕಸುಬು ಅಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದೆ ನೋಡಿ!