ಸಾಸಿವೆಕಾಳಿನಷ್ಟು ಗುಳ್ಳೆ

"ಅತ್ತೇ, ಇನ್ನೂ ಎಷ್ಟು ಹೊತ್ತು? ಬೆಲ್ ಹೊಡೆದುಬಿಡುತ್ತೆ!"

ಚಿನಕುರುಳಿ ಆಗಲೇ ಬ್ಯಾಗ್ ಬೆನ್ನಿಗೇರಿಸಿ ನಿಂತಿದ್ದಳು. ಅವಳನ್ನು ಶಾಲೆಗೆ ಬಿಡಬೇಕಾದ ಅಜ್ಜನೂ ಪಕ್ಕದಲ್ಲೇ ಕಾಯುತ್ತಿದ್ದರು. ಅತ್ತೆಯ ತಲೆ ಮಾತ್ರ ಅಜ್ಜನ ಹಳೇ ಕಾರಿನ ಬಾನೆಟ್ ಒಳಗೇ ಇತ್ತು. ಮನೆಯ ಪಕ್ಕದ ಗ್ಯಾರೇಜ್ ಅತ್ತೆಯದೇ. ಅವಳು ಕೈಯಿಟ್ಟರೆ ಕೆಟ್ಟು ಕೂತ ಗಾಡಿಯೂ ಎದ್ದು ಓಡುತ್ತದೆ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಚಿನಕುರುಳಿಯಂತೂ ಅದನ್ನೇ ಕ್ಲಾಸಿನಲ್ಲಿ ಹೇಳಿ ಹೇಳಿ ಎಲ್ಲರ ಕಿವಿ ತೂತು ಮಾಡಿದ್ದಳು.

ಈಗ ಅತ್ತೆ ಕಾರಿಗೆ ಹೈಡ್ರೋಜನ್ ಗ್ಯಾಸ್ ತಯಾರಿಸುವ ಯಂತ್ರ ಕೂರಿಸುತ್ತಿದ್ದಳು. ಡಬ್ಬಿಯೊಳಗೆ ನೀರು, ನೀರಿಗೆ ಬ್ಯಾಟರಿಯ ಕರೆಂಟು. ಆಗ ಏಳುವ ಗ್ಯಾಸ್ ಪೈಪಿನಲ್ಲಿ ಎಂಜಿನ್ನಿಗೆ ಹೋಗಬೇಕು. ಇಷ್ಟು ಗೊತ್ತಾದದ್ದೇ ತಡ, ನಮ್ಮ ಹುಡುಗಿ ನಿನ್ನೆ ಹಿಂದೆಮುಂದೆ ನೋಡದೆ ಕ್ಲಾಸಿನಲ್ಲಿ ಸಾರಿಬಿಟ್ಟಿದ್ದಳು: "ನಾಳೆ ನಾನು ನೀರಲ್ಲಿ ಓಡೋ ಕಾರಲ್ಲಿ ಬರ್ತೀನಿ! ಗೇಟ್ ಹತ್ರ ಕಾಯ್ತಿರಿ!"

ಅದನ್ನು ಕೇಳಿ ಅತ್ತೆ ನಕ್ಕಿದ್ದಳು. "ನೀರಲ್ಲಿ ಎಲ್ಲಿ ಓಡುತ್ತೇ? ಪೆಟ್ರೋಲಲ್ಲೇ ಓಡೋದು. ಇದು ಜೊತೆಗೊಂದಿಷ್ಟು ಗ್ಯಾಸ್ ಕೊಡುತ್ತೆ, ಅಷ್ಟೇ. ಪೆಟ್ರೋಲ್ ಉಳಿಯುತ್ತೋ ಇಲ್ವೋ, ಓಡಿಸಿ ನೋಡ್ಬೇಕು."

ಅಯ್ಯೋ, ಆಡಿದ ಮಾತನ್ನು ನುಂಗುವುದು ಹೇಗೆ? ಕಾರು ಬಂದು ಶಾಲೆಯ ಗೇಟಿನ ಮುಂದೆ ನಿಂತರೆ ಮಾನವಾದರೂ ಉಳಿಯುತ್ತಿತ್ತು.

ಅತ್ತೆಯ ಕೆಲಸ ನೋಡುವುದೇ ಒಂದು ಚೆಂದ. ಡಬ್ಬಿಗೂ ಎಂಜಿನ್ನಿಗೂ ನಡುವೆ ಇನ್ನೊಂದು ನೀರಿನ ಬಾಟಲಿ ಜೋಡಿಸಿದ್ದಳು. "ಎಂಜಿನ್ ಕಡೆಯಿಂದ ಬೆಂಕಿ ಹಿಂದೆ ಬಂತು ಅಂದ್ಕೋ, ಈ ನೀರಲ್ಲೇ ಆರಿಹೋಗುತ್ತೆ." ವೈರಿಗೆ ಫ್ಯೂಸ್ ಹಾಕಿದ್ದಳು. ಎಂಜಿನ್ ನಿಂತರೆ ಗ್ಯಾಸೂ ತಾನಾಗಿ ನಿಲ್ಲುವಂತೆ ಮಾಡಿದ್ದಳು. ಒಂದು ಬೋಲ್ಟನ್ನೂ ಅವಸರದಲ್ಲಿ ತಿರುಗಿಸಿರಲಿಲ್ಲ.

"ಗ್ಯಾಸ್ ಬಿಡೋಕೆ ಮುಂಚೆ ಬರೀ ಗಾಳಿ ಬಿಟ್ಟು ನೋಡೋಣ" ಎಂದಳು ಅತ್ತೆ. "ನಾನು ಪಂಪ್ ಹೊಡೀತೀನಿ, ನೀನು ನೋಡ್ತಿರು. ಗುಳ್ಳೆ ಬಂದ್ರೆ ಅಲ್ಲಿ ಲೀಕ್ ಇದೆ ಅಂತ."

ಪೈಪು ಸೇರುವ ಕಡೆಯೆಲ್ಲ ಸೋಪಿನ ನೊರೆ ಬಳಿದು, ಸೈಕಲ್ ಪಂಪಿನಿಂದ ಗಾಳಿ ತುಂಬಿದಳು. ಚಿನಕುರುಳಿ ಬಗ್ಗಿ ನೋಡಿದಳು. ಇಲ್ಲಿ ಇಲ್ಲ. ಅಲ್ಲೂ ಇಲ್ಲ. ಬಾಟಲಿಯ ಹಿಂಬದಿಯಲ್ಲಿ ಮಾತ್ರ ಒಂದು ಗುಳ್ಳೆ ಮೆಲ್ಲಗೆ ಉಬ್ಬಿತು. ಸಾಸಿವೆಕಾಳಿನಷ್ಟು.

"ಏನಾದ್ರೂ ಕಾಣ್ತಾ?"

ಚಿನಕುರುಳಿ ಗುಳ್ಳೆಯನ್ನೇ ನೋಡಿದಳು. ಹೌದು ಎಂದರೆ ಎಲ್ಲ ಬಿಚ್ಚಬೇಕು. ಕಾರು ಹೊರಡುವುದಿಲ್ಲ. ಗೇಟಿನ ಹತ್ತಿರ ಎಲ್ಲರೂ "ಬುರುಡೆ, ಬುರುಡೆ" ಎಂದು ಕುಣಿಯುತ್ತಾರೆ. ಇಷ್ಟೇ ಇಷ್ಟು ಗುಳ್ಳೆ, ಏನು ಮಹಾ!

"ಇಲ್ಲ" ಎಂದುಬಿಟ್ಟಳು.

"ಇರು, ಕನ್ನಡಿ ತರ್ತೀನಿ. ಹಿಂದೆಗಡೆ ನಾನೂ ಒಂದ್ಸಲ ನೋಡ್ಬೇಕು" ಎಂದು ಅತ್ತೆ ಒಳಗೆ ಹೋದಳು.

ಅಜ್ಜನಿಗೆಲ್ಲಿಯ ತಾಳ್ಮೆ? 'ಇಲ್ಲ' ಎಂದದ್ದು ಕಿವಿಗೆ ಬಿದ್ದದ್ದೇ ಸೀಟಿನಲ್ಲಿ ಕೂತು ಕೀ ತೂರಿಸಿದರು. "ಹತ್ತೇ ಪುಟ್ಟಿ, ರಾಣಿ ಹಾಗೆ ಹೋಗೋಣ!"

"ಬೇಡ ಅಜ್ಜಾ! ತಿರುಗಿಸ್ಬೇಡಿ! ಲೀಕ್ ಇದೆ! ನಾನು ನೋಡಿಯೂ ಹೇಳ್ಲಿಲ್ಲ!"

ಅಜ್ಜ ಕೀಯಿಂದ ಕೈ ತೆಗೆದರು. ಅತ್ತೆ ಓಡಿ ಬಂದಳು. ಬೈಗುಳ ಬೀಳುತ್ತದೆಂದು ಚಿನಕುರುಳಿ ಕಣ್ಣು ಮುಚ್ಚಿಕೊಂಡಳು.

"ಎಲ್ಲಿ, ತೋರ್ಸು" ಎಂದಳು ಅತ್ತೆ.

ಗುಳ್ಳೆ ಕಂಡಲ್ಲಿ ಬಿಚ್ಚಿ ನೋಡಿದರೆ, ಒಳಗಿನ ರಬ್ಬರ್ ವಾಷರ್ ಮಡಚಿಕೊಂಡಿತ್ತು. "ಇದನ್ನ ಹಾಕಿದ್ದು ನಾನೇ. ತಪ್ಪು ನಂದು" ಎಂದಳು ಅತ್ತೆ, ಅಜ್ಜನ ಎದುರಿಗೇ. ಚಿನಕುರುಳಿ ಬಾಯಿ ಬಿಟ್ಟುಕೊಂಡು ನೋಡಿದಳು. ಅತ್ತೆ ತಪ್ಪು ಮಾಡುತ್ತಾಳೆಂದೇ ಅವಳಿಗೆ ಗೊತ್ತಿರಲಿಲ್ಲ.

"ಅಷ್ಟು ಚಿಕ್ಕ ಗುಳ್ಳೆ ಅತ್ತೆ..."

"ಚಿಕ್ಕದೇ. ಆದ್ರೆ ಈ ಗ್ಯಾಸಿಗೆ ಒಂದು ಕಿಡಿ ಸಾಕು ಕಣೇ. ಇನ್ನು ಮೊದಲಿಂದ ಎಲ್ಲಾ ಮತ್ತೆ ನೋಡ್ಬೇಕು. ನೀನು ನಡಿ, ಸ್ಕೂಲಿಗೆ ಲೇಟಾಗುತ್ತೆ."

ಗೇಟಿನ ಹತ್ತಿರ ದೊಡ್ಡ ಗುಂಪೇ ಕಾಯುತ್ತಿತ್ತು. "ಎಲ್ಲೇ ನಿನ್ನ ನೀರಿನ ಕಾರು?"

ಚಿನಕುರುಳಿಗೆ ನೂರು ನೆಪ ಹೊಳೆದವು. ಟೈರ್ ಪಂಕ್ಚರ್ ಎನ್ನಬಹುದಿತ್ತು. ಅಜ್ಜನಿಗೆ ಜ್ವರ ಎನ್ನಬಹುದಿತ್ತು.

"ಲೀಕ್ ಇತ್ತು, ತರಲಿಲ್ಲ" ಎಂದಳು. "ಮತ್ತೆ... ಅದು ನೀರಲ್ಲಿ ಓಡೋದಿಲ್ಲ. ಪೆಟ್ರೋಲಲ್ಲೇ ಓಡೋದು. ನಾನೇ ಬಣ್ಣ ಕಟ್ಟಿ ಹೇಳಿದ್ದೆ. ತಪ್ಪು ನಂದು."

ಎಲ್ಲರೂ ಹೋ ಎಂದು ನಕ್ಕರು. ಅವಳ ಕಿವಿ ಬಿಸಿಯಾಯಿತು. ಎರಡೇ ಎರಡು ಮಾತು, ಎಷ್ಟು ಭಾರ!

'ತಪ್ಪು ನಂದು' ಎಂದು ಅತ್ತೆ ಎಷ್ಟು ಸಲೀಸಾಗಿ ಹೇಳಿದ್ದಳು. ಇಲ್ಲ, ಸಲೀಸಾಗಿ ಇದ್ದಿರಲಿಕ್ಕಿಲ್ಲ. ಅತ್ತೆಗೂ ಆಗ ಹೀಗೇ ಕಿವಿ ಬಿಸಿಯಾಗಿರಬೇಕು.