ಮೆಣಸಿನಕಾಯಿ ಅರೆಯದ ಸೊಸೆ

“ಮಗ್ಗಕ್ಕೆ ಕೂರ್ತೀಯೋ, ತಾಯಿಮನೆ ದಾರಿ ಹಿಡೀತೀಯೋ? ಇವತ್ತೇ ಹೇಳ್ಬಿಡು ಅಮ್ಮಣಿ!”

ನೆಗಮಂ ಊರಿನ ನೇಕಾರರ ಮನೆಯಲ್ಲಿ ಕಾಳಿಯಮ್ಮ ಹೀಗೆ ಗದರಿದಾಗ ಸೊಸೆ ಸುಗನ್ಯಾ ಮಂಡಿ ನೀವಿಕೊಂಡಳು. ಹಿಂದಿನ ವರ್ಷ ಆಡಿ ಮಾಸದಲ್ಲಿ, ಆಷಾಢದ ಹೊತ್ತಿಗೆ, ಅವಳ ಬಲಮಂಡಿ ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಯ ಕಲ್ಲಂಚಿಗೆ ಬಡಿದಿತ್ತು; ಕಾಲು ಜಾರಿತೆಂದು ಅವಳು ಹೇಳಿದ್ದಳು. ಮೂಳೆ ಮುರಿದಿಲ್ಲವೆಂದು ಎಕ್ಸ್‌ರೇ ಹೇಳಿತು, ಊತ ಇಳಿಯಿತು, ನೋವು ಮಾತ್ರ ಉಳಿಯಿತು... ಕಾಣದ ನೋವನ್ನು ನಂಬುವವರು ಯಾರು! ಮಗ್ಗದ ಹಾಸುನೂಲಿನ ಮರೆಯಿಂದ ಅತ್ತೆ ಅವಳ ಹೆಜ್ಜೆಯನ್ನೇ ಕಾಯುತ್ತಿದ್ದಳು. ಯಾರೂ ಇಲ್ಲದಾಗಲೂ ಸೊಸೆ ಕುಂಟುತ್ತಿದ್ದಳು. ಅದನ್ನೂ ಕಾಳಿಯಮ್ಮ ಪಳಗಿದ ನಟನೆಯೆಂದೇ ಬಗೆದಳು.

ಕೊನೆಗೆ ನಟನೆ ಬಯಲಾಗಲೆಂದು ಮಗ ಕಾರ್ತಿಯೊಡನೆ ಸೊಸೆಯನ್ನು ನಗರದ ಪೀಳಮೇಡಿನ ಡಾಕ್ಟರಮ್ಮನ ಬಳಿಗೆ ಕರೆದೊಯ್ದಳು. ಸ್ಕ್ಯಾನ್ ನೋಡಿ ಆಕೆ ಹೇಳಿದರು: “ಮೂಳೆಯ ತುದಿಗೆ ಹೊದಿಕೆಯಂತಿರುವ ಮೃದ್ವಸ್ಥಿ ಹಾಳಾಗಿದೆ. ಏಟಿನ ರಭಸಕ್ಕೆ ಅದರ ಜೀವಕೋಶಗಳು ಆಗಲೇ ಸತ್ತಿರುತ್ತವೆ, ಆಮೇಲೆ ಸುತ್ತಲಿನವೂ ಸಾಯುತ್ತವೆ. ಅಲ್ಲಿಗೆ ರಕ್ತ ಹರಿಯುವುದಿಲ್ಲ, ಮೊದಲಿನಂತೆ ಬೆಳೆಯುವುದಿಲ್ಲ. ಇಷ್ಟು ಹಾನಿಗೆ ಬರಿದೇ ಜಾರಿದ್ದು ಸಾಲದಮ್ಮ. ಏನಾಯಿತು?”

“ಜಾರಿದೆ,” ಎಂದಳು ಸುಗನ್ಯಾ.

ನೋವು ನಿಜವೆಂದು ಕಾಳಿಯಮ್ಮ ಒಪ್ಪಿದಳು; ಸಂಶಯ ಮಾತ್ರ ದಾರಿ ಬದಲಿಸಿತು. ಇವಳು ಏನನ್ನು ಮುಚ್ಚಿಡುತ್ತಿದ್ದಾಳೆ? ಏಟು ಬಿದ್ದ ದಿನ ಎಲ್ಲಿಗೆ ಹೋಗಿದ್ದಳು? ಯಾರ ಜೊತೆ?

ಶುಕ್ರವಾರ ಮೂವರೂ ಆನೈಮಲೈಗೆ ಹೋದರು. ಮಾಸಾಣಿ ಅಮ್ಮನ ಗುಡಿಯಲ್ಲಿ ಅನ್ಯಾಯಕ್ಕೊಳಗಾದವರು ಕೆಂಪು ಮೆಣಸಿನಕಾಯಿ ಅರೆದು, ನ್ಯಾಯ ಕೇಳುವ ನೀತಿಕಲ್ಲಿಗೆ ಹಚ್ಚುತ್ತಾರೆ. ತಪ್ಪಿತಸ್ಥರ ಮೈ ಉರಿಯುವುದೆಂದು ನಂಬಿಕೆ.

“ಮೆಣಸಿನಕಾಯಿ ಅರೆ!” ಎಂದಳು ಕಾಳಿಯಮ್ಮ. “ಈ ಕಾಲಿಗೆ ಕಾರಣ ಆದವರ ಮೈ ಉರೀಲಿ ಅಂತ ಹೇಳಿ ಅರೆ!”

“ಬೇಡ ಅತ್ತೆ... ನಾನು ಅರೆಯೋಲ್ಲ.”

“ನೋಡಿದ್ಯಾ ಕಾರ್ತಿ? ಭಯ! ಕಳ್ಳಿಗೆ ಭಯ!”

ಕಾಳಿಯಮ್ಮ ತಾನೇ ಅರೆದಳು. ಎರಡೂ ಅಂಗೈ ತುಂಬ ಕೆಂಪು ಹಿಡಿದು ಕಲ್ಲಿನತ್ತ ನಡೆದಳು. ಆಗ ಕಾರ್ತಿ ತಾಯಿಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದ.

“ಹಚ್ಚಬೇಡಮ್ಮ... ನಾನು. ಅವತ್ತು ನೂಲು ಹರೀತು ಅಂತ ಸಿಟ್ಟಲ್ಲಿ ತಳ್ಳಿದ್ದು ನಾನೇ!”

ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಕಾಳಿಯಮ್ಮ ಮಗನ ಹಿಡಿತದಿಂದ ಕೈ ಬಿಡಿಸಿಕೊಂಡಳು.

“ಇವಳ ಕಾಲನ್ನ ವರ್ಷವಿಡೀ ಕಾದೆ... ನಿನ್ನ ಮುಖಾನ ಒಂದು ದಿನ ನೋಡ್ಲಿಲ್ಲವಲ್ಲೋ!”

ಆಮೇಲೆ ಸೊಸೆಯತ್ತ ತಿರುಗಿದಳು. “ಅಮ್ಮಣಿ, ಮನೆಗೆ ಹೋಗೋಣ. ಇನ್ನು ನೀನು ಮಗ್ಗ ಮುಟ್ಟಬೇಡ. ನಾನು ನೇಯ್ತೀನಿ.”

ಸುಗನ್ಯಾ ಅಳಲಿಲ್ಲ. “ತಳ್ಳಿದ್ದನ್ನ ಅವತ್ತೇ ನುಂಗಿಕೊಂಡೆ ಅತ್ತೆ. ಗಂಡನ ಮಾನ ಅಂತ. ಆದ್ರೆ ನೀವು ನನ್ನ ಸುಳ್ಳುಗಾತಿ ಅಂದಾಗೆಲ್ಲ ಇವರು ಪಕ್ಕದಲ್ಲೇ ಕೂತು ಊಟ ಮಾಡ್ತಿದ್ರು... ನನ್ನ ತಾಯಿಮನೆಗೆ ಬಿಟ್ಟುಬಿಡಿ.”

ಕಾರ್ತಿ ಬಾಯಿ ತೆರೆದ. ತಾಯಿ ಕೈಯೆತ್ತಿ ಅವನನ್ನು ತಡೆದಳು.

ಮುಂದೆ ಆ ಸೊಸೆ ಮರಳಿದಳೆಂದು ಕೆಲವರು, ಇಲ್ಲವೆಂದು ಕೆಲವರು ಹೇಳುತ್ತಾರೆ. ಅವತ್ತು ಅವಳ ತಾಯಿಮನೆಗೆ ಹೊರಟ ಬಸ್ಸಿನ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ಅದರ ಮೆಟ್ಟಿಲು ಎತ್ತರವಾಗಿತ್ತು. ಕಾಳಿಯಮ್ಮ ಮೊದಲು ಹತ್ತಿ, ಎಷ್ಟು ತೊಳೆದರೂ ಉರಿ ಆರದ ಕೈಯನ್ನು ಕೆಳಗೆ ಚಾಚಿದಳು. ಸುಗನ್ಯಾ ಕ್ಷಣ ನೋಡಿ, ಹಿಡಿದುಕೊಂಡಳು.